ಕಿರುಗುಟ್ಟುವ ಸೈಕಲ್ಲಿಗೆ ಎಣ್ಣೆಯೊಂದೇ ಮದ್ದಲ್ಲ

ಭಾನುವಾರದ ಮುಂಜಾವು. ಶ್ರೀರಂಗಪಟ್ಟಣದ ಪಕ್ಕದ ಕರಿಘಟ್ಟದ ಏರುರಸ್ತೆಯಲ್ಲಿ ಹೆಲ್ಮೆಟ್ ತೊಟ್ಟ ಸೈಕಲ್ ಸವಾರರು ಒಬ್ಬರ ಹಿಂದೊಬ್ಬರು ಬೆಟ್ಟ ಹತ್ತುತ್ತಿದ್ದಾರೆ. ಕೆಳಗೆ ಲೋಕಪಾವನಿ ಹೊಳೆ, ಕಬ್ಬು, ತೆಂಗು, ಭತ್ತದ ಗದ್ದೆ. ಮೇಲೆ ವೆಂಕಟರಮಣ ಸ್ವಾಮಿಯ ಗುಡಿ. ಏರು ಕಡಿದಾದಂತೆಲ್ಲ ಮಾತು ನಿಂತುಹೋಗುತ್ತದೆ. ಏದುಸಿರು, ಟೈರಿನಡಿ ಗರಸು ಸಿಡಿಯುವ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಅಂಥ ಹೊತ್ತಿನಲ್ಲೇ ಒಂದು ಸೈಕಲ್ಲು ಬಾಯಿ ಬಿಡುತ್ತದೆ. ಬಲಗಾಲು ಒತ್ತಿದಾಗಲೆಲ್ಲ ಕಿರ್. ಮತ್ತೆ ಕಿರ್.

ಆ ಸದ್ದಿಗೆ ಗುಂಪಿನಲ್ಲಿ ಎಲ್ಲರ ಬಳಿಯೂ ಒಂದೊಂದು ಉತ್ತರವಿರುತ್ತದೆ. 'ಬಿಬಿ ಹೋಗದೆ ಕಣೋ' ಅನ್ನುತ್ತಾನೆ ಒಬ್ಬ, ಪೆಡಲ್ ಅಚ್ಚಿನ ಬೇರಿಂಗನ್ನು ತೋರಿಸಿ. 'ಚೈನಿಗೆ ಆಯಿಲ್ ಬುಡು, ಸರಿಹೋಯ್ತದೆ' ಅನ್ನುತ್ತಾನೆ ಇನ್ನೊಬ್ಬ. ಹಿಂದಿನ ಪಿವಟ್ ಸಡಿಲವಾಗಿರಬೇಕು ಎನ್ನುವುದು ಮತ್ತೊಬ್ಬನ ಅಂದಾಜು. ಮನೆಗೆ ಬಂದವನೇ ಸವಾರ ಎಣ್ಣೆ ಡಬ್ಬಿ ಹಿಡಿದು ಕಂಡ ಸಂದಿಗೆಲ್ಲ ಸುರಿಯುತ್ತಾನೆ. ಎರಡು ದಿನ ಸೈಕಲ್ಲು ಮೌನ. ಮುಂದಿನ ವಾರ ಅದೇ ಸದ್ದು, ಮೊದಲಿಗಿಂತ ಜೋರಾಗಿ.

ಮಂಡ್ಯ ಸೀಮೆಯಲ್ಲಿ ಈ ದುಬಾರಿ ಬೆಟ್ಟದ ಸೈಕಲ್ಲುಗಳು ಈಗ ಅಪರೂಪವಲ್ಲ. ಮೈಸೂರು, ಬೆಂಗಳೂರುಗಳಿಂದ ಬರುವವರೂ ಇದ್ದಾರೆ, ಊರಿನ ಹುಡುಗರೂ ಇದ್ದಾರೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೂ ಸೈಕಲ್ಲುಗಳಿಗೂ 2023ರ ಆಗಸ್ಟ್ 1ರಿಂದ ಪ್ರವೇಶವಿಲ್ಲ. ಸರ್ವೀಸ್ ರಸ್ತೆಯ ಗದ್ದಲ ಬೇಡವೆನ್ನುವವರಿಗೆ ನಾಲೆಯ ಏರಿ, ಊರೊಳಗಿನ ದಾರಿ, ಬೆಟ್ಟದ ತಪ್ಪಲು ಇವೇ ಗತಿ. ಕುಂತಿಬೆಟ್ಟದ ಬುಡ, ತೊಣ್ಣೂರು ಕೆರೆಯ ಏರಿ, ಜಕ್ಕನಹಳ್ಳಿಯಿಂದ ಮೇಲುಕೋಟೆಗೆ ಹತ್ತುವ ತಿರುವುಗಳು, ನಾಗಮಂಗಲದ ಕಡೆಯ ಬಯಲು ದಾರಿಗಳು. ಒಂದೊಂದು ನೆಲವೂ ಸೈಕಲ್ಲಿನಿಂದ ಒಂದೊಂದು ಸದ್ದು ಹೊರಡಿಸುತ್ತದೆ.

ಕೀಲು ಹೆಚ್ಚಿದಷ್ಟೂ ಮಾತು ಹೆಚ್ಚು

ನಮ್ಮಪ್ಪಂದಿರ ಅಟ್ಲಾಸ್, ಹರ್ಕ್ಯುಲಿಸ್ ಸೈಕಲ್ಲುಗಳಲ್ಲಿ ಚೌಕಟ್ಟು ಒಂದೇ ತುಂಡು. ಎರಡು ಚಕ್ರ, ಒಂದು ಪೆಡಲ್ ಅಚ್ಚು, ಒಂದು ಹ್ಯಾಂಡಲ್ ಕೊಳವೆ ಬಿಟ್ಟರೆ ಅಲುಗಾಡುವ ಜಾಗವೇ ಇರಲಿಲ್ಲ. ಪೆಡಲ್ ಒತ್ತಿದಾಗ ಟಕ್ ಎಂದರೆ ಕಾಟರ್ ಪಿನ್ ಸವೆದಿದೆ ಎಂದು ಅಂಗಡಿಯವನು ನೋಡದೆಯೇ ಹೇಳುತ್ತಿದ್ದ.

ಬೆಟ್ಟದ ಸೈಕಲ್ಲಿನ ಕಥೆ ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1970ರ ದಶಕದಲ್ಲಿ ಕೆಲವರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದಿಂದ ಇಳಿಸುತ್ತ ಆಡಿದ ಆಟದಲ್ಲಿ ಇದರ ಮೂಲವಿದೆ. 1990ರ ಸುಮಾರಿಗೆ ಮುಂದಿನ ಫೋರ್ಕಿಗೆ ಸಸ್ಪೆನ್ಷನ್ ಬಂತು, ಬೆನ್ನಿಗೇ ಹಿಂದಿನ ಚಕ್ರಕ್ಕೂ ಬಂತು. ಎರಡೂ ಇದ್ದರೆ ಅದು ಫುಲ್ ಸಸ್ಪೆನ್ಷನ್. ಹಿಂದಿನ ಚಕ್ರ ಕಲ್ಲಿನ ಮೇಲೆ ಏರಿ ಇಳಿಯಬೇಕಾದರೆ ಚೌಕಟ್ಟಿನ ಹಿಂಭಾಗ ಮುಂಭಾಗದಿಂದ ಬೇರೆಯಾಗಿ ಕೀಲುಗಳ ಮೇಲೆ ಆಡಬೇಕು. ಆ ಕೀಲೇ ಪಿವಟ್. ಒಂದೊಂದು ಪಿವಟ್ಟಿನಲ್ಲೂ ಬೇರಿಂಗ್, ಬೋಲ್ಟು, ವಾಷರ್. ನಡುವೆ ಗಾಳಿ ಅಥವಾ ಸ್ಪ್ರಿಂಗಿನ ಶಾಕ್ ಅಬ್ಸಾರ್ಬರ್, ಅದರ ಎರಡು ತುದಿಗೂ ಬುಷ್. ವಿನ್ಯಾಸಕ್ಕೆ ತಕ್ಕಂತೆ ಎಂಟು ಹತ್ತು ಬೇರಿಂಗುಗಳು ಹಿಂಭಾಗದಲ್ಲೇ ಇರುತ್ತವೆ. ಲಕ್ಷ ರೂಪಾಯಿ ದಾಟುವ ಸೈಕಲ್ಲು ಸದ್ದು ಮಾಡಬಾರದು ಎಂದು ಕೊಂಡವರು ಅಂದುಕೊಳ್ಳುವುದು ಸಹಜ. ವಾಸ್ತವದಲ್ಲಿ ಸದ್ದು ಹುಟ್ಟಬಲ್ಲ ಜಾಗಗಳು ಅದರಲ್ಲೇ ಹೆಚ್ಚು.

ಸದ್ದು ಹುಟ್ಟುವುದು ಹೀಗೆ

ಎರಡು ಲೋಹದ ಮೈಗಳು ಬಿಗಿಯಾಗಿ ಒತ್ತಿಕೊಂಡಿವೆ. ಸವಾರ ಪೆಡಲ್ ಒತ್ತಿದಾಗ ಅವುಗಳಲ್ಲಿ ಒಂದು ಕೂದಲೆಳೆಯಷ್ಟು ಜರುಗಲು ನೋಡುತ್ತದೆ. ಘರ್ಷಣೆ ಬಿಡುವುದಿಲ್ಲ. ಒತ್ತಡ ಏರುತ್ತ ಹೋಗಿ ಒಂದು ಹಂತದಲ್ಲಿ ಅದು ಗಕ್ಕನೆ ಜಾರಿ ಮತ್ತೆ ಕಚ್ಚಿಕೊಳ್ಳುತ್ತದೆ. ಆ ಜಾರುವಿಕೆಯ ನಡುಕವೇ ನಮಗೆ ಕೇಳುವ ಕಿರ್. ಪಿಟೀಲಿನಲ್ಲಿ ನಾದ ಹೊರಡುವುದೂ ಇದೇ ನಿಯಮದಿಂದ. ಕಮಾನಿನ ಕೂದಲು ತಂತಿಯನ್ನು ಕಚ್ಚಿ ಎಳೆಯುತ್ತದೆ, ಬಿಡುತ್ತದೆ, ಮತ್ತೆ ಕಚ್ಚುತ್ತದೆ. ಕಚ್ಚು ಹೆಚ್ಚಲೆಂದು ಕಮಾನಿಗೆ ರಾಳ ಉಜ್ಜುತ್ತಾರೆ. ಸೈಕಲ್ಲಿನ ಸಂದಿಯಲ್ಲಿ ಒಣಗಿದ ಗ್ರೀಸು, ದೂಳು ಸೇರಿ ಆ ರಾಳದ ಕೆಲಸ ಮಾಡುತ್ತವೆ.

ಪಿಟೀಲಿನ ಪೊಳ್ಳು ಪೆಟ್ಟಿಗೆ ತಂತಿಯ ದನಿಯನ್ನು ಹಿಗ್ಗಿಸುವಂತೆ ಚೌಕಟ್ಟಿನ ಪೊಳ್ಳು ಕೊಳವೆಗಳೂ ಸದ್ದನ್ನು ಹಿಗ್ಗಿಸುತ್ತವೆ. ಅಲ್ಯೂಮಿನಿಯಂ ಆಗಲಿ, ಕಾರ್ಬನ್ ಆಗಲಿ, ಸದ್ದು ಕೊಳವೆಯ ಗುಂಟ ಓಡಿ ಎಲ್ಲೋ ಹುಟ್ಟಿ ಎಲ್ಲೋ ಕೇಳಿಸುತ್ತದೆ. ಸೀಟಿನ ಕೆಳಗಿನ ಕಿರಿಕಿರಿ ಪೆಡಲಿನಿಂದ ಬಂದಂತೆ, ಹಿಂದಿನ ಅಚ್ಚಿನ ಟಿಕ್ ಟಿಕ್ ಕಾಲ ಕೆಳಗಿನಿಂದ ಬಂದಂತೆ ಅನಿಸುತ್ತದೆ. ಹಾಗಾಗಿ ಸವಾರಿಯ ನಡುವೆ ಕಿವಿ ಕೊಡುವ ತೀರ್ಪನ್ನು ನಂಬಿ ಬಿಡಿಭಾಗ ಬದಲಿಸಲು ಹೋಗುವುದು ದುಡ್ಡು ದಂಡ.

ಹೊಳೆ ಬದಿ, ಬಯಲು ಬದಿ

ಶ್ರೀರಂಗಪಟ್ಟಣ, ಪಾಂಡವಪುರದ ತಗ್ಗಿನಲ್ಲಿ ನೆಲ ಹಸಿ. ಹಿಂದೆ ಇರ್ವಿನ್ ನಾಲೆ ಎಂದು ಕರೆಸಿಕೊಳ್ಳುತ್ತಿದ್ದ ವಿಶ್ವೇಶ್ವರಯ್ಯ ನಾಲೆಯೂ ಅದರ ಕವಲುಗಳೂ ಗದ್ದೆ, ಕಬ್ಬುಗಳಿಗೆ ನೀರುಣಿಸುತ್ತವೆ. ನಾಟಿಯ ಕಾಲದಲ್ಲಿ ಏರಿಯ ದಾರಿಗೆ ಟ್ರ್ಯಾಕ್ಟರ್ ತಂದು ಬಿಟ್ಟ ಕೆಸರು ಟೈರಿಗೆ, ಸರಪಳಿಗೆ, ಕೀಲಿಗೆ ಮೆತ್ತಿಕೊಳ್ಳುತ್ತದೆ. ಇಲ್ಲಿ ಸೈಕಲ್ಲಿಗೆ ಶತ್ರು ನೀರು. ಬೇರಿಂಗಿನ ರಬ್ಬರ್ ಸೀಲಿನ ಸಂದಿಯಿಂದ ಒಳಗೆ ಇಳಿದ ನೀರು ಗ್ರೀಸನ್ನು ತೊಳೆದು ಉಕ್ಕಿನ ಗುಂಡುಗಳಿಗೆ ತುಕ್ಕು ಹಿಡಿಸುತ್ತದೆ.

ನಾಗಮಂಗಲದ ಕಡೆ, ದೇವಲಾಪುರ, ಬಿಂಡಿಗನವಿಲೆಯ ಸುತ್ತಿನ ರಾಗಿ, ಹುರುಳಿ, ತೆಂಗಿನ ಬಯಲಿನಲ್ಲಿ ಕಥೆ ತಿರುವುಮುರುವು. ಅಲ್ಲಿ ಬಂಡೆ ಸವೆದು ಬಿದ್ದ ಗರಸು, ಕೆಮ್ಮಣ್ಣಿನ ನುಣ್ಣನೆ ದೂಳು. ಫೆಬ್ರುವರಿಯಿಂದ ಮೇವರೆಗೆ ಮುಂದಿನ ಸವಾರ ಎಬ್ಬಿಸಿದ ದೂಳು ಹಿಂದಿನವನ ಸೈಕಲ್ಲಿನ ಸಂದು ಸಂದಿಗೂ ಇಳಿಯುತ್ತದೆ. ಅದರಲ್ಲಿರುವ ಗಾಜಿನಷ್ಟು ಗಟ್ಟಿ ಕಣಗಳು ಎಣ್ಣೆಯೊಂದಿಗೆ ಬೆರೆತರೆ ಲೋಹ ತಿಕ್ಕುವ ಪೇಸ್ಟ್ ಸಿದ್ಧ. ಕೆ.ಆರ್. ಪೇಟೆಯವರಿಗೆ ಎರಡೂ ಉಂಟು. ನಾಲೆಯ ಕೆಳಗೆ ಕೆಸರು, ಮೇಲೆ ದೂಳು.

ಹೊಳೆ ಬದಿಯಲ್ಲಿ ಓಡಿಸುವವರು ಬೇರಿಂಗಿನ ಮೇಲೆ, ಬಯಲಿನಲ್ಲಿ ಓಡಿಸುವವರು ಸರಪಳಿ ಮತ್ತು ಸೀಟಿನ ಕೊಳವೆಯ ಮೇಲೆ ಹೆಚ್ಚು ಕಣ್ಣಿಡಬೇಕು.

ಮೊದಲು ಕಿವಿ, ಆಮೇಲೆ ಸ್ಪ್ಯಾನರ್

ಸದ್ದಿನ ಬೇಟೆಯಲ್ಲಿ ಗೆಲ್ಲುವವನು ತಾಳ್ಮೆಗಾರ. ಒಂದೊಂದನ್ನೇ ಸಂಶಯದ ಪಟ್ಟಿಯಿಂದ ಹೊರಗೆ ಹಾಕುತ್ತ ಬರಬೇಕು. ಒಮ್ಮೆಗೆ ಒಂದೇ ಬದಲಾವಣೆ. ಐದು ಕಡೆ ಗ್ರೀಸ್ ಹಚ್ಚಿ ಹತ್ತು ಬೋಲ್ಟ್ ಬಿಗಿದ ಮೇಲೆ ಸದ್ದು ನಿಂತರೂ ನಿಂತದ್ದು ಯಾವುದರಿಂದ ಎಂಬುದು ಗೊತ್ತಾಗುವುದಿಲ್ಲ.

ಸಮತಟ್ಟಾದ ರಸ್ತೆಯಲ್ಲಿ ಸೀಟಿನ ಮೇಲೆ ಕೂತು ತುಳಿಯಿರಿ. ಸದ್ದು ಬಂತೇ? ಈಗ ಸೀಟಿನಿಂದ ಎದ್ದು ನಿಂತು ತುಳಿಯಿರಿ. ಸದ್ದು ನಿಂತರೆ ಅಪರಾಧಿ ಸೀಟು ಅಥವಾ ಸೀಟಿನ ಕೊಳವೆ. ನಿಲ್ಲದಿದ್ದರೆ ತುಳಿಯುವುದನ್ನು ಬಿಟ್ಟು ಸೈಕಲ್ಲನ್ನು ಸುಮ್ಮನೆ ಓಡಲು ಬಿಡಿ. ಆಗಲೂ ಬರುವ ಸದ್ದು ಚಕ್ರ, ಡಿಸ್ಕ್ ಅಥವಾ ಸ್ಪೋಕಿನದು. ತುಳಿದಾಗ ಮಾತ್ರ ಬರುವುದಾದರೆ ಲೆಕ್ಕ ಹಾಕಿ. ಪೆಡಲಿನ ಒಂದು ಸುತ್ತಿಗೆ ಒಂದೇ ಸಲ, ಅದೂ ಒಂದೇ ಕಾಲಿಗೆ ಬಂದರೆ ಆ ಬದಿಯ ಪೆಡಲ್, ಅದನ್ನು ಹೊತ್ತ ಕ್ರ್ಯಾಂಕ್ ಅಥವಾ ನಡುವಿನ ಬಾಟಮ್ ಬ್ರಾಕೆಟ್ (ಬಿಬಿ) ಮೇಲೆ ಸಂಶಯ. ಸುತ್ತಿಗೂ ಸದ್ದಿಗೂ ತಾಳ ಹೊಂದದಿದ್ದರೆ ಸರಪಳಿಯ ಕಡೆ ನೋಡಿ.

ಇನ್ನು ಇಳಿದು ನಿಲ್ಲಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿ. ಹ್ಯಾಂಡಲಿನ ಬುಡದಲ್ಲಿ ಟಕ್ ಎಂದರೆ ಹೆಡ್‌ಸೆಟ್ ಸಡಿಲ. ಎರಡೂ ಕೈಯಿಂದ ಸೀಟನ್ನು ಒತ್ತಿ ಹಿಂದಿನ ಶಾಕ್ ಕುಗ್ಗುವಂತೆ ಮಾಡಿ. ತುಳಿಯದೆಯೇ ಸದ್ದು ಬಂದರೆ ಅದು ಹಿಂದಿನ ಕೀಲುಗಳದು.

ಇಲ್ಲಿ ಗೆಳೆಯರೊಬ್ಬರು ಜತೆಗಿದ್ದರೆ ಅರ್ಧ ಕೆಲಸ ಮುಗಿದಂತೆ. ಅವರು ಸೀಟು ಒತ್ತುತ್ತಿರಲಿ, ನೀವು ಒಂದೊಂದು ಪಿವಟ್ಟಿನ ಬೋಲ್ಟು ಮತ್ತು ಚೌಕಟ್ಟು ಸೇರುವ ಗೆರೆಯ ಮೇಲೆ ತೋರುಬೆರಳು ಇಟ್ಟು ನೋಡಿ. ಸದ್ದು ಹುಟ್ಟುವ ಕೀಲಿನಲ್ಲಿ ಬೆರಳಿನ ತುದಿಗೆ ಸಣ್ಣ ಟಿಕ್ ತಾಗುತ್ತದೆ. ಪಕ್ಕದ ಕೀಲಿನಲ್ಲಿ ತಾಗುವುದಿಲ್ಲ. ಕಿವಿಗೆ ಆಗುವ ಮೋಸ ಬೆರಳಿಗೆ ಆಗದು. ಲಾರಿ ಮೆಕ್ಯಾನಿಕ್ಕುಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಒಳಗಿನ ಬೇರಿಂಗಿನ ಸ್ಥಿತಿ ಹೇಳುತ್ತಾರಲ್ಲ, ಆ ವಿದ್ಯೆ ಇಲ್ಲೂ ನಡೆಯುತ್ತದೆ.

ಸೀಟಿನ ಕೊಳವೆಯಿಂದ ಆರಂಭಿಸಿ

ಕಾರಣ ತಿಳಿಯದ ಕಿರುಗುಟ್ಟುವಿಕೆಗೆ ಎಲ್ಲಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ: ಸೀಟಿನ ಕೊಳವೆ. ಖರ್ಚಿಲ್ಲ, ವಿಶೇಷ ಸಲಕರಣೆ ಬೇಡ, ಐದು ಆರು ಅಳತೆಯ ಎಲ್ ಕೀಗಳು ಸಾಕು.

ಕೊಳವೆ ಎಷ್ಟು ಎತ್ತರಕ್ಕಿದೆ ಎಂದು ಇನ್ಸುಲೇಷನ್ ಟೇಪಿನಿಂದ ಗುರುತು ಮಾಡಿ. ಕ್ಲ್ಯಾಂಪ್ ಸಡಿಲಿಸಿ ಕೊಳವೆಯನ್ನು ಮೆಲ್ಲಗೆ ತಿರುಗಿಸುತ್ತ ಎಳೆಯಿರಿ. ಬಟನ್ ಒತ್ತಿದರೆ ಇಳಿಯುವ ಡ್ರಾಪರ್ ಪೋಸ್ಟ್ ಆದರೆ ಒಳಗಿನ ಕೇಬಲ್ ಜೋಪಾನ, ಅದನ್ನು ತಿರುಗಿಸಬೇಡಿ. ಬಯಲು ಸೀಮೆಯಲ್ಲಿ ಓಡಿದ ಸೈಕಲ್ಲಾದರೆ ಕೊಳವೆಯ ಮೇಲೆ ಉಂಗುರದ ಹಾಗೆ ಕೆಂಪು ದೂಳು ಗಟ್ಟಿಯಾಗಿ ಕೂತಿರುವುದು ಕಾಣುತ್ತದೆ, ಅದರ ಕೆಳಗೆ ಲೋಹ ಉಜ್ಜಿ ಮಸುಕಾದ ಗೆರೆಗಳು. ಅವೇ ಸದ್ದಿನ ಹೆಜ್ಜೆಗುರುತು. ಬಟ್ಟೆಯಲ್ಲಿ ಕೊಳವೆಯನ್ನೂ ಅದು ಕೂರುವ ಫ್ರೇಮಿನ ಒಳಮೈಯನ್ನೂ ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಿ. ಲೋಹಕ್ಕೆ ಲೋಹವಾದರೆ ತೆಳುವಾಗಿ ಗ್ರೀಸ್ ಹಚ್ಚಿ ಕೂರಿಸಿ. ಕೊಳವೆ ಅಥವಾ ಫ್ರೇಮು ಕಾರ್ಬನ್ನಿನದಾದರೆ ಗ್ರೀಸ್ ಬೇಡ, ಅದಕ್ಕೆಂದೇ ಮರಳಿನಂತೆ ತರಿತರಿಯಾದ ಪೇಸ್ಟ್ ಸಿಗುತ್ತದೆ.

ಸೀಟಿನ ಕೆಳಗಿನ ಎರಡು ಸರಳುಗಳನ್ನು ಹಿಡಿದಿರುವ ಕ್ಲ್ಯಾಂಪನ್ನೂ ಬಿಚ್ಚಿ ಒರೆಸಿ, ಬೋಲ್ಟಿನ ಎಳೆಗೆ ಚೂರು ಗ್ರೀಸ್ ಸವರಿ ಬಿಗಿಯಿರಿ. ಕೀಲು ಕೆಟ್ಟಿದೆ ಎಂದು ಜನ ಹೆದರುವ ಎಷ್ಟೋ ಸದ್ದುಗಳು ಇಷ್ಟರಲ್ಲೇ ಮುಗಿಯುತ್ತವೆ.

ಇದೇ ಬಗೆಯ ಇನ್ನೊಬ್ಬ ಕಳ್ಳ ಹಿಂದಿನ ಅಚ್ಚಿನ ಬಳಿ ಇದ್ದಾನೆ. ಗೇರ್ ಬದಲಿಸುವ ಡಿರೇಲರ್ ಅನ್ನು ಫ್ರೇಮಿಗೆ ಹಿಡಿದಿರುವ ಬೆರಳಷ್ಟು ಉದ್ದದ ಅಲ್ಯೂಮಿನಿಯಂ ತುಂಡು ಅದು, ಹೆಸರು ಹ್ಯಾಂಗರ್. ಅದರ ಹಿಂದೆ ದೂಳು ಸೇರಿದರೆ ಪೆಡಲ್ ಒತ್ತಿದಾಗಲೆಲ್ಲ ಟಿಕ್ ಎನ್ನುತ್ತದೆ, ಕೇಳುವುದು ಮಾತ್ರ ಕಾಲ ಬುಡದಲ್ಲಿ. ಅಚ್ಚು ಎಳೆದು, ಹ್ಯಾಂಗರ್ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ ಕೂರಿಸಿದರೆ ಮುಗಿಯಿತು. ಪೆಡಲುಗಳನ್ನೂ ಒಮ್ಮೆ ಬಿಚ್ಚಿ ಎಳೆಗೆ ಗ್ರೀಸ್ ಹಾಕಬೇಕು. ಎಡ ಪೆಡಲಿನ ಎಳೆ ಉಲ್ಟಾ ಎಂಬುದು ನೆನಪಿರಲಿ. ಅದನ್ನು ಮರೆತು ಜಗ್ಗಿದವರು ಕ್ರ್ಯಾಂಕನ್ನೇ ಹಾಳು ಮಾಡಿಕೊಳ್ಳುತ್ತಾರೆ.

ಬಿಬಿಯ ಮೇಲಿನ ಆರೋಪ

ಸದ್ದು ಬಂದರೆ ಮೊದಲು ಬೈಗುಳ ತಿನ್ನುವುದು ಬಾಟಮ್ ಬ್ರಾಕೆಟ್. ಎರಡು ಕ್ರ್ಯಾಂಕುಗಳ ನಡುವಿನ ಅಚ್ಚು ತಿರುಗುವ ಈ ಬೇರಿಂಗ್ ಜೋಡಿಗೆ ಸವಾರರ ಬಾಯಲ್ಲಿ ಬಿಬಿ ಎಂದೇ ಹೆಸರು. ಆರೋಪ ಕೆಲವೊಮ್ಮೆ ನಿಜ. ಆದರೆ ಬಿಬಿಯಲ್ಲಿ ಎರಡು ಜಾತಿ.

ಒಂದು, ಎಳೆ ಇರುವ ಬಟ್ಟಲನ್ನು ಫ್ರೇಮಿಗೆ ತಿರುಗಿಸಿ ಕೂರಿಸುವುದು. ಇದರ ಅಳತೆಗೆ ಬಿಎಸ್‌ಎ ಎಂದೇ ಹೆಸರು. ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಕಂಪನಿಯ ಹೆಸರು. ಮದ್ರಾಸಿನಲ್ಲಿ 1949ರಲ್ಲಿ ಹುಟ್ಟಿದ ಟಿಐ ಸೈಕಲ್ಸ್ ಮುಂದೆ ಅದೇ ಹೆಸರಿನಲ್ಲಿ ಮಾರಿದ ಸೈಕಲ್ಲುಗಳನ್ನು ನಮ್ಮ ಹಳ್ಳಿಗಳೆಲ್ಲ ತುಳಿದಿವೆ. ಈ ಬಗೆಯ ಬಿಬಿಯನ್ನು ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ ಬಿಗಿದರೆ ಸದ್ದು ನಿಲ್ಲುವ ಸಂಭವ ಹೆಚ್ಚು. ಬಲಬದಿಯ ಬಟ್ಟಲಿನ ಎಳೆ ಉಲ್ಟಾ.

ಎರಡನೆಯದು ಪ್ರೆಸ್‌ಫಿಟ್. ಎಳೆಯೇ ಇಲ್ಲ, ಬಟ್ಟಲನ್ನು ಫ್ರೇಮಿನ ತೂತಿಗೆ ಒತ್ತಿ ಕೂರಿಸಿರುತ್ತಾರೆ. ತೂತಿನ ಅಳತೆ ತಯಾರಿಕೆಯಲ್ಲೇ ಒಂದಿಷ್ಟು ಹೆಚ್ಚುಕಡಿಮೆಯಾದರೂ ಬಟ್ಟಲು ಒಳಗೆ ಅಲುಗುತ್ತದೆ, ಸದ್ದು ಮಾಡುತ್ತದೆ. ಹೊಸ ಬೇರಿಂಗ್ ಹಾಕಿದರೂ ಸದ್ದು ತಿರುಗಿ ಬರುವುದು ಇದೇ ಕಾರಣಕ್ಕೆ. ಈ ದೂರು ಎಷ್ಟು ಹೆಚ್ಚಿತೆಂದರೆ ಹಲವು ತಯಾರಕರು ಈಚೆಗೆ ಎಳೆಯಿರುವ ಬಿಬಿಗೇ ಮರಳಿದ್ದಾರೆ. ಹೊಸ ಸೈಕಲ್ಲು ಕೊಳ್ಳುವವರು ಬಣ್ಣ, ಗೇರು ನೋಡುವ ಮುಂಚೆ ಬಿಬಿ ಯಾವ ಬಗೆಯದು ಎಂದು ಕೇಳುವುದು ಜಾಣತನ. ದೂಳು, ಕೆಸರಿನ ನಮ್ಮ ಸೀಮೆಗೆ ಎಳೆಯಿರುವುದೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ.

ಹಿಂದಿನ ಕೀಲಿನ ಒಳಗೆ

ಚಕ್ರದ ಬೇರಿಂಗ್ ಸುತ್ತುತ್ತಲೇ ಇರುತ್ತದೆ. ಒಳಗಿನ ಗುಂಡುಗಳು ಜಾಗ ಬದಲಿಸುತ್ತ, ಗ್ರೀಸನ್ನು ಸವರಿಕೊಳ್ಳುತ್ತ ಸಮನಾಗಿ ಸವೆಯುತ್ತವೆ. ಪಿವಟ್ಟಿನ ಬೇರಿಂಗ್ ಹಾಗಲ್ಲ. ಅದು ಒಂದು ಪೂರ್ತಿ ಸುತ್ತನ್ನು ಎಂದೂ ತಿರುಗುವುದಿಲ್ಲ, ಸ್ವಲ್ಪ ಮುಂದೆ ಹೋಗಿ ಅಷ್ಟೇ ಹಿಂದೆ ಬರುತ್ತದೆ. ಹೊಡೆತವೆಲ್ಲ ಅವೇ ಗುಂಡುಗಳ ಮೇಲೆ, ಪಥದ ಅದೇ ಜಾಗದಲ್ಲಿ. ವರ್ಷ ಕಳೆಯುವುದರಲ್ಲಿ ಅಲ್ಲಿ ಸಣ್ಣ ಗುಳಿ ಬೀಳುತ್ತದೆ. ಜತೆಗೆ ನೀರೂ ಸೇರಿದರೆ ತುಕ್ಕು.

ಪರೀಕ್ಷೆ ಸುಲಭ. ಸೈಕಲ್ಲನ್ನು ಸ್ಟ್ಯಾಂಡಿಗೆ ನೇತುಹಾಕಿ ಶಾಕ್ ಅಬ್ಸಾರ್ಬರಿನ ಎರಡು ತುದಿಯ ಬೋಲ್ಟು ಬಿಚ್ಚಿ ಶಾಕನ್ನು ಹೊರಗೆ ತೆಗೆಯಿರಿ. ಈಗ ಹಿಂಭಾಗ ಕೀಲುಗಳ ಮೇಲೆ ತೊಟ್ಟಿಲಿನಂತೆ ಆಡಬೇಕು. ಮೇಲೆತ್ತಿ ಬಿಟ್ಟರೆ ತನ್ನ ಭಾರಕ್ಕೆ ತಾನೇ ಇಳಿಯಬೇಕು. ನಡುವೆ ತಡೆದರೆ, ಕೈಗೆ ಗರಗರ ಎನಿಸಿದರೆ ಬೇರಿಂಗ್ ಮುಗಿದಿದೆ. ಅಡ್ಡಡ್ಡ ಅಲ್ಲಾಡಿದರೆ ಬೋಲ್ಟು ಸಡಿಲ ಅಥವಾ ಬೇರಿಂಗ್ ಸವೆದಿದೆ. ಶಾಕಿನ ಒಳಭಾಗವನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಕಾರಿನ ಟೈರಿನಲ್ಲಿ 35 ಪಿಎಸ್‌ಐ ಸುಮಾರು ಗಾಳಿ ಇರುತ್ತದೆ, ಗಾಳಿಯ ಶಾಕಿನಲ್ಲಿ 150ರಿಂದ 250 ಪಿಎಸ್‌ಐ ಸಾಮಾನ್ಯ.

ಬೇರಿಂಗ್ ಹೋಗಿದ್ದರೆ ಅದರ ಮೇಲಿನ ಸಂಖ್ಯೆ ನೋಡಿ. 6902 ಎಂದಿದ್ದರೆ ಒಳಗೆ 15, ಹೊರಗೆ 28, ದಪ್ಪ 7 ಮಿಲಿಮೀಟರ್. 6900 ಎಂದರೆ 10, 22, 6. ಇವು ಲೋಕವೆಲ್ಲ ಒಪ್ಪಿದ ಅಳತೆಗಳು. ಸೈಕಲ್ ಕಂಪನಿಯ ಪೆಟ್ಟಿಗೆಗೇ ಕಾಯಬೇಕಿಲ್ಲ, ಮೈಸೂರಿನ ಬೇರಿಂಗ್ ಅಂಗಡಿಗಳಲ್ಲೂ ವಿಚಾರಿಸಬಹುದು. ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನೇ ಕೇಳಿ.

ಬಿಗಿಯುವಾಗ ತೋಳ್ಬಲ ತೋರಿಸುವಂತಿಲ್ಲ. ಪಿವಟ್ ಬೋಲ್ಟಿನ ತಲೆಯ ಮೇಲೆಯೋ ಕಂಪನಿಯ ಕೈಪಿಡಿಯಲ್ಲೋ ಇಷ್ಟು ನ್ಯೂಟನ್ ಮೀಟರ್ ಎಂದು ಬರೆದಿರುತ್ತದೆ. ಅಷ್ಟಕ್ಕೆ ಬಿಗಿದಾಗ ಟಕ್ ಎಂದು ಸೂಚನೆ ಕೊಡುವ ಟಾರ್ಕ್ ರೆಂಚ್ ಬೇಕು. ಹ್ಯಾಂಡಲ್ ಹಿಡಿಯುವ ಸಣ್ಣ ಬೋಲ್ಟುಗಳಿಗೆ 4ರಿಂದ 6 ನ್ಯೂಟನ್ ಮೀಟರ್ ಸಾಕು, ಪೆಡಲಿಗೆ 35ರ ಆಸುಪಾಸು ಬೇಕು. ಕಡಿಮೆಯಾದರೆ ಸದ್ದು, ಹೆಚ್ಚಾದರೆ ಬಿರುಕು. ಫುಲ್ ಸಸ್ಪೆನ್ಷನ್ ಸೈಕಲ್ಲು ಇಟ್ಟುಕೊಂಡವರು ಹೊಸ ಜೆರ್ಸಿಗಿಂತ ಮೊದಲು ಕೊಳ್ಳಬೇಕಾದ ವಸ್ತು ಈ ರೆಂಚ್.

ಕೀಲೆಣ್ಣೆಯಿಂದ ವ್ಯಾಕ್ಸ್‌ವರೆಗೆ

ಎತ್ತಿನ ಗಾಡಿಯ ಕಾಲದಲ್ಲಿ ನಮ್ಮವರಿಗೆ ಈ ವಿದ್ಯೆ ಚೆನ್ನಾಗಿ ಗೊತ್ತಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಮಾಡಿದ ಕೀಲೆಣ್ಣೆಯನ್ನು ಗಾಡಿಯಲ್ಲೇ ಇಟ್ಟುಕೊಂಡಿರುತ್ತಿದ್ದರು. ಅಚ್ಚಿಗೆ ಅದನ್ನು ಹಾಕುವ ಮುಂಚೆ ಚಕ್ರ ಸರಿಸಿ ಹಳೆಯದನ್ನು ಒರೆಸುತ್ತಿದ್ದರು. ಒರೆಸುವುದು ಮೊದಲು, ಸವರುವುದು ಆಮೇಲೆ. ಈಗ ಬಿಟ್ಟುಹೋಗಿರುವುದು ಆ ಮೊದಲನೆಯ ಕೆಲಸ.

ಸರಪಳಿಯ ಕೀಚ್ ಕೀಚ್ ಸದ್ದಿಗೆ ಎಣ್ಣೆ ಬೇಕೇ ಬೇಕು. ಆದರೆ ಯಾವ ಎಣ್ಣೆ? ತೆಂಗಿನ ತೋಟದ ಸೀಮೆಯಲ್ಲಿ ಕೊಬ್ಬರಿ ಎಣ್ಣೆ ಕೈಗೆಟಕುತ್ತದೆ. ಒಂದೆರಡು ದಿನ ಸದ್ದು ಅಡಗಿಸುತ್ತದೆ, ಆಮೇಲೆ ಅಂಟಾಗುತ್ತದೆ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಗಟ್ಟಿಯಾಗುತ್ತದೆ. ಟ್ರ್ಯಾಕ್ಟರಿನಿಂದ ಇಳಿಸಿದ ಸುಟ್ಟ ಆಯಿಲ್ಲಿನಲ್ಲಿ ಲೋಹದ ಪುಡಿಯೂ ಮಸಿಯೂ ಇರುತ್ತವೆ, ಅದನ್ನು ಹತ್ತಿರವೂ ತರಬಾರದು. ದೂಳಿನ ಕಾಲಕ್ಕೆ ವ್ಯಾಕ್ಸ್ ಬಗೆಯ ಒಣ ಲೂಬ್, ಮಳೆಗಾಲಕ್ಕೆ ತುಸು ದಪ್ಪನೆಯದು ಸರಿ. ಮೊದಲು ಬಟ್ಟೆಯಲ್ಲಿ ಸರಪಳಿ ಒರೆಸಿ. ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಒಂದೊಂದು ಕೊಂಡಿಗೆ ಒಂದು ಹನಿ. ಸ್ವಲ್ಪ ಹೊತ್ತು ಬಿಟ್ಟು ಹೊರಮೈಯನ್ನು ಮತ್ತೆ ಒರೆಸಿ. ಎಣ್ಣೆ ಕೊಂಡಿಯ ಒಳಗೆ ಇರಬೇಕು, ಹೊರಗೆ ಇದ್ದರೆ ದೂಳಿಗೆ ಆಹ್ವಾನ.

ಸ್ಪ್ರೇ ಡಬ್ಬಿಯನ್ನು ಪಿವಟ್, ಬಿಬಿ, ಹೆಡ್‌ಸೆಟ್ಟುಗಳಿಗೆ ಹೊಡೆಯುವುದು ಒಳ್ಳೆಯದಲ್ಲ. ತೆಳು ದ್ರವ ಬೇರಿಂಗಿನೊಳಗೆ ನುಗ್ಗಿ ಅಲ್ಲಿನ ಗ್ರೀಸನ್ನು ಕರಗಿಸುತ್ತದೆ. ಹೆದ್ದಾರಿ ಬದಿಯ ವಾಟರ್ ಸರ್ವೀಸ್ ಅಂಗಡಿಯ ಪ್ರೆಷರ್ ಗನ್ನೂ ಅಷ್ಟೇ ಅಪಾಯ. ಬೈಕಿಗೆ ಹಿಡಿಯುವ ಆ ನೀರಿನ ಧಾರೆ ಸೈಕಲ್ಲಿನ ಸಣ್ಣ ಸೀಲುಗಳನ್ನು ದಾಟಿ ಒಳಗೆ ಹೋಗುತ್ತದೆ. ಗದ್ದೆ ಬದಿಯ ಕೆಸರಿಗೆ ಒಂದು ಬಕೆಟ್ ನೀರು, ಮೆತ್ತನೆ ಬ್ರಷ್, ಒಣಬಟ್ಟೆ ಸಾಕು.

ಕಡೆಗಣಿಸಬಾರದ ಸದ್ದುಗಳು

ಕೆಲವು ಸದ್ದು ಬರೀ ಕಿರಿಕಿರಿ, ಕೆಲವು ಅಪಾಯದ ಮುನ್ಸೂಚನೆ. ಒರೆಸಿ, ಗ್ರೀಸ್ ಹಚ್ಚಿ, ಸರಿಯಾಗಿ ಬಿಗಿದ ಮೇಲೂ ಹೋಗದ ಸದ್ದಿದ್ದರೆ ಹಗಲು ಬೆಳಕಿನಲ್ಲಿ ಫ್ರೇಮನ್ನು ತೊಳೆದು ನೋಡಿ. ಹ್ಯಾಂಡಲ್ ಕೊಳವೆಯ ಹಿಂದೆ, ಸೀಟಿನ ಕ್ಲ್ಯಾಂಪಿನ ಕೆಳಗೆ, ಪಿವಟ್ಟುಗಳ ಸುತ್ತ, ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂಥ ಗೆರೆ ಕಂಡರೆ ಉಗುರಿನಿಂದ ಗೀರಿ ನೋಡಿ. ಉಗುರು ಸಿಕ್ಕಿಕೊಂಡರೆ ಅದು ಬಣ್ಣದ ಗೆರೆ ಎಂದು ಸುಮ್ಮನಾಗಬೇಡಿ.

ಮುಂದಿನ ಫೋರ್ಕಿನ ನೆತ್ತಿಯಲ್ಲೂ ಒಂದು ಸದ್ದು ಅಡಗಿರುತ್ತದೆ. ಫೋರ್ಕಿನ ಎರಡು ಕಾಲುಗಳೂ ಹ್ಯಾಂಡಲಿಗೆ ಹೋಗುವ ಕೊಳವೆಯೂ ಸೇರುವ ತುಂಡಿನಲ್ಲಿ ಅವನ್ನು ಒತ್ತಿ ಕೂರಿಸಿರುತ್ತಾರೆ. ಆ ಜೋಡಣೆ ಸಡಿಲವಾದರೆ ಬ್ರೇಕ್ ಹಿಡಿದಾಗ, ನಿಂತು ತುಳಿದಾಗ ಮೇಲಿನಿಂದ ಕಿರ್ ಎನ್ನುತ್ತದೆ. ಇದಕ್ಕೆ ಗ್ರೀಸ್ ಮದ್ದಲ್ಲ, ಆ ಭಾಗವನ್ನೇ ಬದಲಿಸಬೇಕು. ವಾರಂಟಿ ಇದ್ದರೆ ಕೇಳಿ ಪಡೆಯಿರಿ.

ಡಿಸ್ಕ್ ಬ್ರೇಕಿನ ಕೀರಲು ಇನ್ನೊಂದು. ಇಬ್ಬನಿಯ ಬೆಳಗಿನಲ್ಲಿ ಒಂದೆರಡು ಸಲ ಕೂಗಿ ಸುಮ್ಮನಾದರೆ ಚಿಂತೆಯಿಲ್ಲ. ಬ್ರೇಕ್ ಹಿಡಿತವೂ ಕಡಿಮೆಯಾಗಿ ಕೀರಲೂ ನಿಲ್ಲದಿದ್ದರೆ ಪ್ಯಾಡಿಗೆ ಎಣ್ಣೆ ತಾಗಿದೆ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಎಣ್ಣೆ ಕುಡಿದ ಪ್ಯಾಡನ್ನು ಬದಲಿಸಿ. ಸದ್ದು ಮಾಡುತ್ತದೆಂದು ಡಿಸ್ಕಿಗೇ ಎಣ್ಣೆ ಬಿಡುವವರಿದ್ದಾರೆ. ಅಂಥ ಸೈಕಲ್ಲು ಕರಿಘಟ್ಟದ ಇಳಿಜಾರಿನಲ್ಲಿ ನಿಲ್ಲುವುದಿಲ್ಲ.

ಊರಿನ ಕೈಗಳು

ಇಂಥ ಸೈಕಲ್ಲುಗಳಿಗೆ ಬೆಂಗಳೂರೇ ಗತಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಫೋರ್ಕ್, ಶಾಕಿನ ಒಳಗಿನ ಸೀಲು ಬದಲಿಸಲು ತರಬೇತಾದ ಸರ್ವೀಸ್ ಕೇಂದ್ರ ಬೇಕು, ನಿಜ. ಉಳಿದ ಕೆಲಸಕ್ಕೆ ಬೇಕಾದ ತಿಳಿವಳಿಕೆ ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ ತಾಲ್ಲೂಕುಗಳಲ್ಲೇ ಇದೆ. ಆಲೆಮನೆಯ ಗಾಣಕ್ಕೆ, ಪಂಪ್‌ಸೆಟ್ಟಿಗೆ, ಟ್ರ್ಯಾಕ್ಟರಿಗೆ ಬೇರಿಂಗ್ ಕೂರಿಸುವವರಿಗೆ ಬೇರಿಂಗನ್ನು ಹೊರವರ್ತುಲದ ಮೇಲೆಯೇ ಒತ್ತಬೇಕು, ಸುತ್ತಿಗೆಯಲ್ಲಿ ಬಡಿಯಬಾರದು ಎಂದು ಹೇಳಿಕೊಡಬೇಕಿಲ್ಲ. ಲೇತ್ ಅಂಗಡಿಯಲ್ಲಿ ಉದ್ದ ಬೋಲ್ಟು, ನಟ್ಟು, ಎರಡು ದಪ್ಪ ವಾಷರುಗಳನ್ನು ಕಡೆಸಿಕೊಂಡರೆ ಬೇರಿಂಗ್ ಒತ್ತುವ ಸಲಕರಣೆ ಸಿದ್ಧ. ಸೈಕಲ್ ಅಂಗಡಿಯವರು ಟಾರ್ಕ್ ರೆಂಚನ್ನೂ ಎಲ್ ಕೀ, ಟಾರ್ಕ್ಸ್ ಕೀ ಸೆಟ್ಟನ್ನೂ ಇಟ್ಟುಕೊಂಡರೆ ಪಾಂಡವಪುರದ ಹುಡುಗ ಒಂದು ಸದ್ದಿಗಾಗಿ ಮೈಸೂರಿಗೆ ಸೈಕಲ್ ಹೊತ್ತುಕೊಂಡು ಹೋಗಬೇಕಾಗಿಲ್ಲ. ಸವಾರರೂ ಕೈಪಿಡಿಯಲ್ಲಿನ ಬಿಗಿತದ ಅಂಕಿಗಳನ್ನು ಬರೆದುಕೊಂಡು ಹೋಗಿ ಅಂಗಡಿಯವರ ಕೈಗೆ ಕೊಡಬೇಕು. ಆ ಚೀಟಿಯಿಲ್ಲದೆ ಅವರಿಂದ ಸರಿಯಾದ ಬಿಗಿತ ಬಯಸುವುದು ನ್ಯಾಯವಲ್ಲ.

ಮೇಲುಕೋಟೆಯ ವನ್ಯಜೀವಿ ಧಾಮದ ಸುತ್ತ ಓಡಿಸುವವರು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನ ದಾರಿಗೆ ಇಳಿಯಬಾರದು. ಅದು ತೋಳಗಳ ನೆಲೆ. ಊರ ರಸ್ತೆಯಲ್ಲಿ ಹೋದರೂ ಮೇಲುಕೋಟೆಯ ಏರು ನಿಮ್ಮ ಸೈಕಲ್ಲಿನ ಪ್ರತಿಯೊಂದು ಕೀಲನ್ನೂ ಪರೀಕ್ಷಿಸುತ್ತದೆ. ಅಲ್ಲಿಗೆ ಹೊರಡುವ ಹಿಂದಿನ ಸಂಜೆ ಸೀಟಿನ ಕೊಳವೆಯನ್ನು ಎಳೆದು ಒರೆಸಿ ಗ್ರೀಸ್ (ಕಾರ್ಬನ್ನಾದರೆ ಪೇಸ್ಟ್) ಹಚ್ಚಿ, ಪಿವಟ್ ಬೋಲ್ಟುಗಳಿಗೆ ಒಮ್ಮೆ ಟಾರ್ಕ್ ರೆಂಚ್ ಹಿಡಿಯಿರಿ. ಫ್ರೇಮಿನಲ್ಲಿ ಬಿರುಕು ಕಂಡರೆ ಮಾತ್ರ ಸೈಕಲ್ಲು ಮನೆಯಲ್ಲೇ ಇರಲಿ.